ಯಂತ್ರವುಂಟು, ಪಾಲಕನೆಲ್ಲಿ?

"ಸರ್ವರ್ ಇಲ್ಲ, ನಾಳೆ ಬನ್ನಿರಿ" ಎಂಬ ಮಾತನ್ನು ನಮ್ಮ ಕಚೇರಿಗಳಲ್ಲಿ ಒಮ್ಮೆಯಾದರೂ ಕೇಳದ ನಾಗರಿಕನು ವಿರಳ. ಪಹಣಿಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಬಂದ ರೈತನಿಗೂ, ಪಿಂಚಣಿಯ ವಿಚಾರಕ್ಕಾಗಿ ಬಂದ ವೃದ್ಧೆಗೂ ಆ ಮಾತು ತೀರ್ಪಿನಂತೆ ಪರಿಣಮಿಸುತ್ತದೆ. ಅದರ ಮೇಲೆ ಅಪೀಲಿಲ್ಲ. ತಡೆಯು ನಿಜವಾಗಿಯೂ ದೂರದ ಸರ್ವರಿನದಾಗಿರಬಹುದು, ನಡುವಣ ತಂತಿಯದಾಗಿರಬಹುದು, ಅಥವಾ ಮೇಜಿನ ಮೇಲಿರುವ ಯಂತ್ರವೇ ರೋಗಗ್ರಸ್ತವಾಗಿರಬಹುದು. ಈ ಮೂರರಲ್ಲಿ ಯಾವುದೆಂದು ನಿರ್ಣಯಿಸಬಲ್ಲವನೊಬ್ಬನು ಸ್ಥಳದಲ್ಲಿ ಇಲ್ಲದಿರುವುದೇ ಎಲ್ಲಕ್ಕಿಂತ ದೊಡ್ಡ ಕೊರತೆಯೆಂದು ನಾವು ಭಾವಿಸುತ್ತೇವೆ. ಯಂತ್ರಗಳನ್ನು ಕೊಳ್ಳುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೆ ಆನೆಯನ್ನು ಕೊಂಡು ಮಾವುತನಿಗೆ ಸಂಬಳ ಕೊಡಲೊಲ್ಲದ ಗೃಹಸ್ಥನ ರೀತಿ ನಮ್ಮದಾಗಿದೆ.

ಕಂಪ್ಯೂಟರಿನ ಎಲ್ಲ ಕೆಲಸಗಳಿಗೂ ಆಧಾರವಾಗಿ ನಿಲ್ಲುವುದು ಆಪರೇಟಿಂಗ್ ಸಿಸ್ಟಮ್ ಎಂಬ ಕಾರ್ಯಾಚರಣ ವ್ಯವಸ್ಥೆ. ಕೀಲಿಮಣೆಯನ್ನು ಒತ್ತಿದರೆ ಅಕ್ಷರ ಮೂಡುವುದೂ, ಕಡತವು ಉಳಿಯುವುದೂ, ಅಧಿಕಾರವಿಲ್ಲದವನಿಗೆ ಬಾಗಿಲು ಮುಚ್ಚುವುದೂ ಅದರ ಅಧೀನ. ವಿಂಡೋಸ್, ಲಿನಕ್ಸ್ ಮೊದಲಾದವು ಅದರ ಪ್ರಭೇದಗಳು. ಒಂದು ಯಂತ್ರದಲ್ಲಿ ಅದನ್ನು ಸ್ಥಾಪಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಐನೂರು ಯಂತ್ರಗಳಲ್ಲಿ ಒಂದೇ ಬಗೆಯಾಗಿ ಸ್ಥಾಪಿಸಿ, ತಿಂಗಳು ತಿಂಗಳೂ ಬರುವ ತಿದ್ದುಪಡಿಗಳನ್ನು ಕೂಡಿಸಿ, ಯಾರಿಗೆ ಎಷ್ಟು ಅಧಿಕಾರವೆಂಬುದನ್ನು ಗೊತ್ತುಪಡಿಸಿ, ಕೆಟ್ಟ ದಿನ ಮತ್ತೆ ಎಬ್ಬಿಸಿ ನಿಲ್ಲಿಸುವುದು ಒಂದು ಸ್ವತಂತ್ರವಾದ ವೃತ್ತಿ. ಬೆರಳಚ್ಚು ಬಲ್ಲವರೆಲ್ಲರೂ ಈ ವೃತ್ತಿಯನ್ನು ಬಲ್ಲರೆಂದು ತಿಳಿಯುವುದು, ಗಾಡಿಯಲ್ಲಿ ಕುಳಿತವರೆಲ್ಲರೂ ಬಡಗಿಗಳೆಂದು ತಿಳಿದಷ್ಟೇ ಸರಿ.

ಮದ್ದಿದ್ದೂ ಸತ್ತ ರೋಗಿ

ಈ ವೃತ್ತಿಯನ್ನು ಕಡೆಗಣಿಸಿದ್ದರ ಫಲವನ್ನು ಲೋಕವು 2017ರಲ್ಲಿ ಕಂಡಿತು. ವಿಂಡೋಸಿನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಆ ವರ್ಷದ ಮಾರ್ಚ್ 14ರಂದೇ ತಿದ್ದುಪಡಿಯನ್ನು ಪ್ರಕಟಿಸಿತ್ತು. ಸುಮಾರು ಎರಡು ತಿಂಗಳಾದ ಮೇಲೆ, ಮೇ 12ರಂದು, ಅದೇ ದೋಷದ ಮೂಲಕ ವಾನ್ನಾಕ್ರೈ ಎಂಬ ಉಪದ್ರವವು ನುಗ್ಗಿ, ಕಡತಗಳಿಗೆ ಬೀಗ ಹಾಕಿ ಹಣವನ್ನು ಕೇಳತೊಡಗಿತು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ 236 ಆಸ್ಪತ್ರೆ ಮಂಡಲಿಗಳ ಪೈಕಿ ಕನಿಷ್ಠ 80 ಮಂಡಲಿಗಳು ಬಾಧೆಗೊಳಗಾದವು. ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವೆಂದು ಅಂದಾಜು ಮಾಡಲಾಯಿತು. ನಮ್ಮ ನೆರೆಯ ಆಂಧ್ರಪ್ರದೇಶದ ಕೆಲವು ಪೊಲೀಸ್ ಠಾಣೆಗಳ ಯಂತ್ರಗಳಿಗೂ ಆ ಸೋಂಕು ತಗುಲಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೆಟ್ಟ ಯಂತ್ರಗಳಲ್ಲಿ ಬಹುಪಾಲು ಪುರಾತನ ಯಂತ್ರಗಳಾಗಿರಲಿಲ್ಲವೆಂಬುದು ಗಮನಾರ್ಹ. ಅವು ಆಗಿನ್ನೂ ತಿದ್ದುಪಡಿಗಳನ್ನು ಪಡೆಯುತ್ತಿದ್ದ ವಿಂಡೋಸ್ 7ರ ಯಂತ್ರಗಳು. ಮದ್ದು ಮನೆಯಲ್ಲಿಯೇ ಇತ್ತು; ಕುಡಿಸುವವರಿರಲಿಲ್ಲ.

ಹಾಗಾದರೆ ಬಂದ ತಿದ್ದುಪಡಿಯನ್ನೆಲ್ಲ ಬಂದ ಕ್ಷಣವೇ ಎಲ್ಲ ಯಂತ್ರಗಳಿಗೂ ಹಾಕಿಬಿಟ್ಟರಾಯಿತೆಂದು ಯಾರಾದರೂ ಹೇಳಬಹುದು. ಅದಕ್ಕೆ ಉತ್ತರವು 2024ರಲ್ಲಿ ದೊರೆಯಿತು. ಆ ವರ್ಷದ ಜುಲೈ 19ರ ಶುಕ್ರವಾರ, ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ, ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆಯು ಒಂದು ದೋಷಪೂರಿತ ಕಡತವನ್ನು ತನ್ನ ಗಿರಾಕಿಗಳ ಯಂತ್ರಗಳಿಗೆ ಕಳುಹಿಸಿತು. 10 ಗಂಟೆ 57 ನಿಮಿಷಕ್ಕೆ ಅದನ್ನು ಹಿಂತೆಗೆದುಕೊಂಡಿತು. ಈ 78 ನಿಮಿಷಗಳ ಪ್ರಮಾದದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯನ್ನು ತೋರಿಸಿ ನಿಂತುವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಪ್ರವೇಶಪತ್ರಗಳನ್ನು ಕೊಡಬೇಕಾಯಿತು.

ಈ ಪ್ರಸಂಗದಲ್ಲಿ ಗಮನಿಸತಕ್ಕ ವಿಷಯ ಮತ್ತೊಂದುಂಟು. ದೋಷವು ದೂರದಿಂದ ಕ್ಷಣಮಾತ್ರದಲ್ಲಿ ಬಂದಿತು. ಪರಿಹಾರವು ಹಾಗೆ ಬರಲಿಲ್ಲ. ಏಳಲಾರದೆ ಬಿದ್ದ ಯಂತ್ರಗಳ ಬಳಿಗೆ ಮನುಷ್ಯನೇ ಹೋಗಿ, ಅವುಗಳನ್ನು ಸೇಫ್ ಮೋಡ್ ಎಂಬ ಸುರಕ್ಷಿತ ಸ್ಥಿತಿಯಲ್ಲಿ ಎಬ್ಬಿಸಿ, ದುಷ್ಟ ಕಡತವನ್ನು ಹುಡುಕಿ ಅಳಿಸಬೇಕಾಯಿತು. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದ್ದ ಯಂತ್ರಗಳಲ್ಲಿ 48 ಅಂಕೆಗಳ ಕೀಲಿಯೊಂದನ್ನೂ ಕೊಡಬೇಕಾಯಿತು. ಕೀಲಿಗಳ ಪಟ್ಟಿಯನ್ನು ಬೇರೆಡೆ ಜೋಪಾನವಾಗಿಟ್ಟಿದ್ದವರು ಆ ಸಂಕಟದಿಂದ ಬೇಗನೆ ಪಾರಾದರು. ಪಟ್ಟಿಯೇ ಕೆಟ್ಟ ಯಂತ್ರದೊಳಗಿದ್ದರೆ ಗತಿಯೇನು? ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದವನ ಗತಿ.

ಆದುದರಿಂದ, ತಿದ್ದುಪಡಿಯನ್ನು ಹಾಕದಿರುವುದೂ ಅನರ್ಥ, ವಿವೇಚನೆಯಿಲ್ಲದೆ ಹಾಕುವುದೂ ಅನರ್ಥ. ಮೊದಲು ಪರೀಕ್ಷೆಗಾಗಿ ಮೀಸಲಿಟ್ಟ ಹತ್ತು ಯಂತ್ರಗಳಿಗೆ, ಅಲ್ಲಿ ಕ್ಷೇಮವೆಂದು ಕಂಡ ಮೇಲೆ ಒಂದು ಶಾಖೆಗೆ, ಅನಂತರ ಸಮಸ್ತಕ್ಕೆ, ಹೀಗೆ ಸುತ್ತು ಸುತ್ತಾಗಿ ಹರಡುವುದು ಈ ವೃತ್ತಿಯಲ್ಲಿ ಮಾನ್ಯವಾದ ಪದ್ಧತಿ. ಎಷ್ಟು ಕಾಯಬೇಕು, ಯಾವುದಕ್ಕೆ ಕಾಯಬಾರದು ಎಂಬುದನ್ನು ಯಂತ್ರವು ಹೇಳಲಾರದು. ಅದು ಶಿಕ್ಷಣದಿಂದಲೂ ಅನುಭವದಿಂದಲೂ ಬರತಕ್ಕ ವಿವೇಕ.

ಈಗಿನ ತುರ್ತು

ಈ ವಿಚಾರವನ್ನು ಈಗಲೇ ಎತ್ತಲು ಕಾರಣವುಂಟು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಉಚಿತ ರಕ್ಷಣಾ ತಿದ್ದುಪಡಿಗಳು 2025ನೆಯ ಅಕ್ಟೋಬರ್ 14ರಂದು ಸಾಮಾನ್ಯವಾಗಿ ನಿಂತುಹೋದವು. ಸಂಸ್ಥೆಗಳು ಹಣ ತೆತ್ತು ಗರಿಷ್ಠ ಮೂರು ವರ್ಷ ಅವಧಿಯನ್ನು ವಿಸ್ತರಿಸಿಕೊಳ್ಳಬಹುದು. ಆದರೆ ಆ ಬೆಲೆಯು ವರ್ಷ ವರ್ಷವೂ ಇಮ್ಮಡಿಯಾಗುವಂತೆ ಗೊತ್ತುಪಡಿಸಲ್ಪಟ್ಟಿದೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಟಿಪಿಎಂ 2.0 ಎಂಬ ರಕ್ಷಣಾ ಚಿಪ್ಪೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇಲ್ಲದ ಯಂತ್ರಗಳನ್ನು ಅದು ಅಂಗೀಕರಿಸುವುದಿಲ್ಲ. ಹೀಗಿರುವಲ್ಲಿ ಪ್ರತಿಯೊಂದು ಕಚೇರಿಯೂ ಬ್ಯಾಂಕೂ ಶಾಲೆಯೂ ತನ್ನಲ್ಲಿರುವ ಯಂತ್ರಗಳನ್ನು ಎಣಿಸಿ, ಯಾವುದು ಮುಂದಕ್ಕೆ ಹೋಗಬಲ್ಲದು, ಯಾವುದನ್ನು ಲಿನಕ್ಸಿಗೆ ಬದಲಾಯಿಸಬಹುದು, ಯಾವುದನ್ನು ವಿಲೇವಾರಿ ಮಾಡಬೇಕು ಎಂದು ವಿಂಗಡಿಸಬೇಕಾಗಿದೆ. ಇದನ್ನು ಬಲ್ಲವರಿಲ್ಲದೆ ಮಾಡಹೊರಟರೆ ಸುಸ್ಥಿತಿಯಲ್ಲಿರುವ ಯಂತ್ರವು ಹರಾಜಿಗೆ ಹೋಗುವುದೂ, ಅಪಾಯದ ಯಂತ್ರವು ಖಜಾನೆಯ ಮೇಜಿನ ಮೇಲೆ ಉಳಿಯುವುದೂ ಅಸಂಭವವಲ್ಲ.

ಕನ್ನಡಿಗರಿಗೆ ಇನ್ನೊಂದು ವಿಶೇಷ ತೊಡಕುಂಟು. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮೊದಲು ಹಳೆಯ ಅಕ್ಷರಸಂಕೇತಗಳಲ್ಲಿ ಬರೆದಿಟ್ಟ ಅಸಂಖ್ಯಾತ ಕನ್ನಡ ಕಡತಗಳಿವೆ. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವವನು ಆ ಫಾಂಟುಗಳನ್ನು ಮರೆತರೆ, ಮರುದಿನ ಗುಮಾಸ್ತನ ಪರದೆಯ ಮೇಲೆ ಕನ್ನಡದ ಬದಲಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುವುದು. ಕಡತವು ನಾಶವಾಗಿರುವುದಿಲ್ಲ, ಆದರೆ ಓದಲಾಗದ ದಾಖಲೆಗೂ ಇಲ್ಲದ ದಾಖಲೆಗೂ ಅರ್ಜಿದಾರನ ಪಾಲಿಗೆ ಭೇದವಿಲ್ಲ. ಹೊರದೇಶದ ಪಠ್ಯಪುಸ್ತಕದಲ್ಲಿ ಈ ಅಧ್ಯಾಯವಿರುವುದಿಲ್ಲ. ಇದನ್ನು ನಾವೇ ಬರೆದುಕೊಳ್ಳಬೇಕು.

ಎರಡು ನಿದರ್ಶನಗಳು

ವಿಂಡೋಸ್ ಉತ್ತಮವೋ ಲಿನಕ್ಸ್ ಉತ್ತಮವೋ ಎಂಬ ವಾದವನ್ನು ಹೂಡಿ ಕಾಲಹರಣ ಮಾಡುವವರಿದ್ದಾರೆ. ಜರ್ಮನಿಯ ಮ್ಯೂನಿಕ್ ನಗರಸಭೆಯು 2003ರಲ್ಲಿ ಲಿನಕ್ಸಿಗೆ ಹೋಗಲು ನಿಶ್ಚಯಿಸಿ, ಸುಮಾರು ಹತ್ತು ವರ್ಷಗಳಲ್ಲಿ ಹದಿನೈದು ಸಾವಿರದಷ್ಟು ಯಂತ್ರಗಳನ್ನು ಬದಲಾಯಿಸಿ, 2017ರಲ್ಲಿ ಮರಳಿ ವಿಂಡೋಸಿಗೆ ಹೋಗಲು ನಿರ್ಣಯಿಸಿತು. ಇದಕ್ಕೆ ರಾಜಕೀಯ ಕಾರಣಗಳನ್ನು ಹೇಳುವವರೂ ಉಂಟು. ಆದರೆ ನಗರದ ಕಂಪ್ಯೂಟರ್ ಆಡಳಿತವು ಅನೇಕ ಇಲಾಖೆಗಳಲ್ಲಿ ಹರಿದು ಹಂಚಿಹೋಗಿ, ಹೊಣೆಯು ಯಾರದೆಂಬುದು ಸ್ಪಷ್ಟವಾಗಿರಲಿಲ್ಲವೆಂಬ ದೂರು ಆ ಚರ್ಚೆಯಲ್ಲಿ ಪ್ರಬಲವಾಗಿ ಕೇಳಿಬಂದಿತು.

ಇತ್ತ ಕೇರಳವನ್ನು ನೋಡಿರಿ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಸರಕಾರೀ ಶಾಲೆಗಳಲ್ಲಿ ಲಿನಕ್ಸನ್ನು ನೆಲೆಗೊಳಿಸುವುದಕ್ಕೆ ಅದು ಮೊದಲು ಮಾಡಿದ್ದು ಅಧ್ಯಾಪಕರ ಶಿಕ್ಷಣ. ಅಧ್ಯಾಪಕರೊಳಗಿನಿಂದಲೇ ತರಬೇತುದಾರರನ್ನು ಆರಿಸಿ, ಶಾಲೆಗೊಬ್ಬ ಐಟಿ ಸಂಯೋಜಕನನ್ನು ಹೊಣೆ ಮಾಡಿ, 2018ರಿಂದ ಲಿಟಲ್ ಕೈಟ್ಸ್ ಎಂಬ ಸಂಘಗಳ ಮೂಲಕ ವಿದ್ಯಾರ್ಥಿಗಳನ್ನೂ ಈ ಕೆಲಸದಲ್ಲಿ ತೊಡಗಿಸಿತು. ಯಂತ್ರದ ಬಳಿಯಲ್ಲಿಯೇ ಅದನ್ನು ಬಲ್ಲವನೊಬ್ಬನಿರಬೇಕೆಂಬ ತತ್ತ್ವವೇ ಅಲ್ಲಿಯ ಯಶಸ್ಸಿನ ಮೂಲವೆಂದು ನಮ್ಮ ಅಭಿಪ್ರಾಯ. ವ್ಯವಸ್ಥೆ ಯಾವುದಾದರೂ ಆಗಲಿ, ಜನರನ್ನು ಅಣಿಗೊಳಿಸದೆ ಅದು ನಿಲ್ಲದು.

ಕರ್ನಾಟಕಕ್ಕೂ ಇದು ಅಪರಿಚಿತವಾದ ತತ್ತ್ವವಲ್ಲ. ಭೂಮಿ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಕೇಂದ್ರಗಳನ್ನು ನಡೆಸಲು ಗ್ರಾಮ ಲೆಕ್ಕಿಗರಿಗೇ ತರಬೇತಿಯನ್ನು ಕೊಡಲಾಯಿತು. 2012ರ ನಿಯಮಗಳ ಮೇರೆಗೆ ರಾಜ್ಯದ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಬಂದಿತು. ಇವೆಲ್ಲವೂ ಸ್ತುತ್ಯವೇ. ಆದರೆ ಸಾಕ್ಷರತೆಯು ಬಳಸುವವನ ಅರ್ಹತೆ; ನಾವು ಹೇಳುತ್ತಿರುವುದು ಪಾಲಿಸುವವನ ಅರ್ಹತೆ.

ಶಿಕ್ಷಣವು ಹೇಗಿರಬೇಕು?

ಮೊದಲನೆಯದಾಗಿ, ಶಿಕ್ಷಣವು ಕೈಕೆಲಸದ ಮೂಲಕ ನಡೆಯಬೇಕು. ರೆಡ್ ಹ್ಯಾಟ್ ಸಂಸ್ಥೆಯ ಲಿನಕ್ಸ್ ಪರೀಕ್ಷೆಗಳಲ್ಲಿ ಅಭ್ಯರ್ಥಿಯು ಚಾಲೂ ಇರುವ ಯಂತ್ರದ ಮೇಲೆ ಕೆಲಸವನ್ನು ಮಾಡಿಯೇ ತೋರಿಸಬೇಕು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಸಾಲದು. ಈ ಮಾದರಿಯೇ ನಮಗೆ ತಕ್ಕದ್ದು. ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷದ ಕಂಪ್ಯೂಟರ್ ಆಪರೇಟರ್ ವೃತ್ತಿಶಿಕ್ಷಣವು ಈಗಾಗಲೇ ಉಂಟು. ಅದರ ಮೇಲೆ, ಜಿಲ್ಲಾ ಕಚೇರಿಗಳಲ್ಲಿ ಆರು ತಿಂಗಳು ಉಮೇದುವಾರಿ ಮಾಡುವ ಒಂದು ಹಂತವನ್ನು ಕಟ್ಟಿದರೆ ಹೊಸ ಕಾಲೇಜುಗಳ ಅಗತ್ಯವೇ ಬೀಳಲಾರದು.

ಎರಡನೆಯದಾಗಿ, ಪಾಠಗಳು ಇಷ್ಟನ್ನಾದರೂ ಒಳಗೊಂಡಿರಬೇಕು: ಒಂದು ಮಾದರಿ ಯಂತ್ರವನ್ನು ಸಿದ್ಧಪಡಿಸಿ ಅದರ ಪ್ರತಿಯನ್ನು ಜಾಲದ ಮೂಲಕ ನೂರು ಯಂತ್ರಗಳಿಗೆ ಹಂಚುವುದು, ತಿದ್ದುಪಡಿಗಳನ್ನು ಸುತ್ತುಗಳಲ್ಲಿ ಬಿಡುವುದು, ಬಳಕೆದಾರರಿಗೆ ಅವಶ್ಯಕತೆಗಿಂತ ಹೆಚ್ಚಿನ ಅಧಿಕಾರವನ್ನು ಕೊಡದಿರುವುದು, ಕಡತಗಳಿಗೆ ಮೂರು ಪ್ರತಿಗಳಿದ್ದು, ಅವು ಎರಡು ಬಗೆಯ ಸಾಧನಗಳಲ್ಲಿದ್ದು, ಒಂದು ಪ್ರತಿಯು ಬೇರೆ ಕಟ್ಟಡದಲ್ಲಿರುವಂತೆ ನೋಡಿಕೊಳ್ಳುವುದು. ಕಾಯಿದೆಯ ಜ್ಞಾನವೂ ಬೇಕು. 2022ನೆಯ ಏಪ್ರಿಲ್ 28ರ ನಿರ್ದೇಶನಗಳಲ್ಲಿ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಯು, ಕಂಪ್ಯೂಟರ್ ದಾಳಿಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಯಂತ್ರಗಳ ದಿನಚರಿಯನ್ನು 180 ದಿನ ಇಡಬೇಕೆಂದೂ ವಿಧಿಸಿದೆ. ದಿನಚರಿಯೆಂಬುದು ಎಲ್ಲಿರುವುದೆಂದು ತಿಳಿಯದ ಕಚೇರಿಯು ಇದನ್ನು ಪಾಲಿಸುವುದು ಹೇಗೆ?

ಮೂರನೆಯದಾಗಿ, ವರ್ಷಕ್ಕೆ ಎರಡು ಸಲವಾದರೂ ಒಂದು ಯಂತ್ರವನ್ನು ಬೇಕೆಂದೇ ಬರಿದು ಮಾಡಿ, ಕಾಪಿಟ್ಟ ಪ್ರತಿಯಿಂದ ಅದನ್ನು ಮರಳಿ ಎಬ್ಬಿಸುವ ಅಭ್ಯಾಸ ನಡೆಯಬೇಕು. ಪರೀಕ್ಷಿಸದ ಪ್ರತಿಯನ್ನು ನಂಬುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಬೇರೆಯಲ್ಲ. ಕೊನೆಯದಾಗಿ, ಪಾಠವು ಕನ್ನಡದಲ್ಲಿರಬೇಕು. ಪರದೆಯ ಆಂಗ್ಲ ಪದಗಳು ಹಾಗೆಯೇ ಇರಲಿ. ಏಕೆ ಹಾಗೆ ಮಾಡಬೇಕೆಂಬ ವಿವರಣೆಯು ಕಲಿಯುವವನ ಭಾಷೆಯಲ್ಲಿರದಿದ್ದರೆ ಅವನು ಗುಂಡಿಗಳ ಕ್ರಮವನ್ನು ಬಾಯಿಪಾಠ ಮಾಡುವನು. ಕ್ರಮವು ಬದಲಾದ ದಿನ ಅವನ ವಿದ್ಯೆಯೂ ಮುಗಿಯುವುದು.

ಆಕ್ಷೇಪಗಳಿಗೆ ಸಮಾಧಾನ

ಇಷ್ಟೆಲ್ಲ ಏಕೆ, ಗುತ್ತಿಗೆದಾರನಿದ್ದಾನಲ್ಲ ಎಂದು ಕೆಲವು ಅಧಿಕಾರಿಗಳು ಕೇಳುವರು. ಗುತ್ತಿಗೆಯು ತಪ್ಪಲ್ಲ. ಆದರೆ ಗುತ್ತಿಗೆದಾರನ ಕೆಲಸವು ಸರಿಯೇ ತಪ್ಪೇ ಎಂದು ತೂಗಿನೋಡುವವನು ಕಚೇರಿಯವನೇ ಆಗಿರಬೇಕು. ಅವಧಿ ಮುಗಿದು ಗುತ್ತಿಗೆದಾರನು ಹೊರಟುಹೋದ ದಿನ ರಹಸ್ಯಪದಗಳೂ ಅವನೊಡನೆ ಹೊರಟುಹೋದರೆ ಸರಕಾರದ ದಫ್ತರವು ಯಾರ ಸ್ವಾಧೀನದಲ್ಲಿದ್ದಂತಾಯಿತು? ಇನ್ನು, ತರಬೇತಿ ಪಡೆದವರು ಹೆಚ್ಚಿನ ಸಂಬಳಕ್ಕೆ ಬೆಂಗಳೂರಿನ ಕಂಪನಿಗಳಿಗೆ ಹೊರಟುಹೋಗುವರೆಂಬುದು ಮತ್ತೊಂದು ಆಕ್ಷೇಪ. ಕೆಲವರು ಹೋಗಬಹುದು. ಅದಕ್ಕೆ ಮದ್ದು ತರಬೇತಿಯನ್ನು ನಿಲ್ಲಿಸುವುದಲ್ಲ. ಖಾಯಂ ಹುದ್ದೆಯನ್ನೂ ಬಡ್ತಿಯ ದಾರಿಯನ್ನೂ ಕಲ್ಪಿಸುವುದು. ಹೋಗುವವನು ಕಲಿತು ಹೋಗುವುದಕ್ಕಿಂತಲೂ, ಉಳಿಯುವವನು ಕಲಿಯದೆ ಉಳಿಯುವುದು ಹೆಚ್ಚು ಅಪಾಯಕರ.

ಶಿಕ್ಷಣದೊಡನೆ ಅಧಿಕಾರವೂ ಸೇರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ. ಅಪರಿಚಿತ ತಂತ್ರಾಂಶವನ್ನು ಯಂತ್ರಕ್ಕೆ ಸೇರಿಸಕೂಡದೆಂದು ಕಿರಿಯ ಪಾಲಕನು ಹೇಳಿದಾಗ, ಮೇಲಧಿಕಾರಿಯೇ ಮೊದಲು ಆ ನಿಯಮವನ್ನು ಪಾಲಿಸಬೇಕು. ಸಾಹೇಬರ ಯಂತ್ರಕ್ಕೆ ವಿನಾಯಿತಿ ದೊರೆತ ಕಚೇರಿಯಲ್ಲಿ ನಿಯಮವು ಗೋಡೆಯ ಮೇಲಿನ ಕಾಗದ ಮಾತ್ರ.

ಹಿಂದೆ ಶಾನುಭೋಗರು ದಫ್ತರಗಳನ್ನು ಬಟ್ಟೆಯಲ್ಲಿ ಕಟ್ಟಿ, ಮಳೆಗೂ ಗೆದ್ದಲಿಗೂ ಸಿಕ್ಕದಂತೆ ಕಾಪಾಡುತ್ತಿದ್ದರು. ಒಂದು ಹಾಳೆ ಕಳೆದರೆ ಒಂದು ಕುಟುಂಬದ ಹೊಲವೇ ವ್ಯಾಜ್ಯಕ್ಕೆ ಬೀಳುವುದೆಂಬ ಅರಿವು ಅವರಿಗಿತ್ತು. ಇಂದು ಆ ಹಾಳೆಗಳು ಯಂತ್ರದೊಳಕ್ಕೆ ಹೋಗಿವೆ. ಗೆದ್ದಲು ಬೇರೆ ರೂಪವನ್ನು ತಾಳಿದೆ. ಮುಂದಿನ ಆಯವ್ಯಯದಲ್ಲಿ ಯಂತ್ರಗಳ ಖರೀದಿಗೆ ಹಣವನ್ನು ಗೊತ್ತುಮಾಡುವಾಗ, ಅದೇ ಪುಟದಲ್ಲಿ ಅವುಗಳ ಪಾಲಕರ ಶಿಕ್ಷಣಕ್ಕೂ ಒಂದು ಪಾಲನ್ನು ಸರಕಾರದವರೂ ಪುರಸಭೆಗಳೂ ಸಹಕಾರ ಸಂಘಗಳೂ ತೆಗೆದಿಡುವುದು ಅವಶ್ಯ. ಹಾಗೆ ಮಾಡಿದಲ್ಲಿ, ನಾಳೆ ಬಾ ಎಂಬ ಮಾತನ್ನು ಕೇಳಿ ಬರಿಗೈಯಲ್ಲಿ ಹಿಂದಿರುಗುವ ರೈತರ ಸಂಖ್ಯೆಯು ಸ್ವಲ್ಪವಾದರೂ ಕಡಿಮೆಯಾಗುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ.