ಇಲಿಗೆ ದಕ್ಕಿದ ಮದ್ದು ಮನಸ್ಸಿಗೆ ದಕ್ಕೀತೇ?

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ತನ್ನ ಪ್ರಯೋಗಶಾಲೆಯ ಮೊಲಗಳಿಗೆ ರಿಸರ್ಪಿನ್ ಎಂಬ ಔಷಧಿ ಚುಚ್ಚಿದರು. ಮೊಲಗಳು ಕಿವಿ ಇಳಿಬಿಟ್ಟು, ಕದಲದೆ, ಮುದುಡಿ ಕುಳಿತವು. ಆಮೇಲೆ ಡೋಪಾ ಎಂಬ ಇನ್ನೊಂದು ವಸ್ತು ಕೊಟ್ಟಾಗ ಸ್ವಲ್ಪ ಹೊತ್ತಿನಲ್ಲೇ ಕಿವಿ ನಿಮಿರಿತು, ಮೊಲಗಳು ಮೊದಲಿನಂತೆ ಓಡಾಡಿದವು. ಈ ಎಳೆ ಹಿಡಿದು ಬೆಳೆದ ಸಂಶೋಧನೆಗೆ 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು. ಆ ಮೊಲಗಳನ್ನು ಮಂಕಾಗಿಸಿದ ರಿಸರ್ಪಿನ್ ಮೂಲತಃ ನಮ್ಮ ಸರ್ಪಗಂಧದ ಬೇರಿನದು.

ಸರ್ಪಗಂಧದ ಕಥೆ ಇಲ್ಲಿ ಹೇಳಲೇಬೇಕು. ಈ ಬೇರು ರಕ್ತದೊತ್ತಡ ಇಳಿಸುತ್ತದೆ, ಕೆರಳಿದ ಮನಸ್ಸನ್ನು ತಣಿಸುತ್ತದೆ ಎಂದು 1931ರಲ್ಲೇ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದಿದ್ದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲಿನ ತಮ್ಮ ಅನುಭವವನ್ನು ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊರಜಗತ್ತು ಕಣ್ಣು ತೆರೆದದ್ದು ಆಗ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನತಜ್ಞರು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಎರಡೇ ವರ್ಷದಲ್ಲಿ ಇನ್ನೊಂದು ಸುದ್ದಿ ಬಂತು: ದೊಡ್ಡ ಪ್ರಮಾಣದಲ್ಲಿ ಬಹುಕಾಲ ಇದನ್ನು ತೆಗೆದುಕೊಂಡ ಕೆಲವು ರೋಗಿಗಳು ಖಿನ್ನತೆಗೆ ಜಾರುತ್ತಿದ್ದಾರೆ.

ನಮ್ಮ ನರಕೋಶಗಳು ಸಿರೊಟೋನಿನ್, ಡೋಪಮಿನ್‌ನಂಥ ಸಂದೇಶವಾಹಕಗಳನ್ನು ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಳ್ಳುತ್ತವೆ. ರಿಸರ್ಪಿನ್ ಆ ಚೀಲಗಳ ಬಾಗಿಲನ್ನೇ ಮುಚ್ಚುತ್ತದೆ, ದಾಸ್ತಾನು ಬರಿದಾಗುತ್ತದೆ. ಹಾಗಾದರೆ ಈ ರಸಗಳ ಕೊರತೆಯೇ ಖಿನ್ನತೆ ಇರಬಹುದೇ? ಇಂದಿನ ಬಹುಪಾಲು ಖಿನ್ನತೆಯ ಮಾತ್ರೆಗಳು ಹುಟ್ಟಿದ್ದು ಈ ಪ್ರಶ್ನೆಯ ನೆರಳಿನಲ್ಲಿ. ಆದರೆ 1955ರಲ್ಲೇ ಲಂಡನ್ನಿನ ವೈದ್ಯರಿಬ್ಬರು, ಆತಂಕ ಮತ್ತು ಖಿನ್ನತೆ ಕೂಡಿಕೊಂಡಿದ್ದ ರೋಗಿಗಳಿಗೆ ಇದೇ ರಿಸರ್ಪಿನ್‌ನಿಂದ ಗುಣ ಕಂಡಿತೆಂದು ವರದಿ ಮಾಡಿದ್ದರು. ಒಂದೇ ಬೇರು, ಒಂದೇ ಅಣು. ಪ್ರಮಾಣ ಬೇರೆ, ರೋಗಿ ಬೇರೆ. ಗಿಡಮೂಲಿಕೆಯ ಬಗ್ಗೆ ಓದುವಾಗಲೆಲ್ಲ ಈ ಎರಡು ವರದಿಗಳನ್ನು ನಾನು ಒಟ್ಟಿಗೇ ನೆನೆಯುತ್ತೇನೆ.

ಈಗ ಸಂಶೋಧಕರ ಗಮನ ಸಿರೊಟೋನಿನ್‌ನಿಂದ ಒತ್ತಡದ ಕಡೆಗೂ ಹರಿದಿದೆ. ಸಾಲ, ಸಾವು, ಕೆಲಸದ ಕಿರುಕುಳ, ಏನೇ ಇರಲಿ, ಮಿದುಳಿನ ಹೈಪೊಥಲಾಮಸ್ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಅದು ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳನ್ನು ಎಬ್ಬಿಸುತ್ತದೆ, ಅಲ್ಲಿಂದ ಕಾರ್ಟಿಸಾಲ್ ಸುರಿಯುತ್ತದೆ. ಅಪಾಯ ಸರಿದ ಮೇಲೆ ‘ಸಾಕು’ ಎಂದು ತಡೆಯುವವರಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಮುಖ್ಯವಾದದ್ದು. ಒತ್ತಡ ತಿಂಗಳುಗಟ್ಟಲೆ ಹಿಡಿದರೆ ಆ ಹಿಪೊಕ್ಯಾಂಪಸ್ಸೇ ಸೊರಗುತ್ತದೆ, ನರಕೋಶಗಳನ್ನು ಪೋಷಿಸುವ ಪ್ರೋಟೀನ್ ಕಡಿಮೆಯಾಗುತ್ತದೆ. ತಡೆಯಬೇಕಾದವನೇ ಸೋತ ಮೇಲೆ ಕಾರ್ಟಿಸಾಲ್ ಇಳಿಯುವುದೆಲ್ಲಿ?

ಇದನ್ನು ಪ್ರಯೋಗಶಾಲೆಯಲ್ಲಿ ನೋಡುವ ಒಂದು ಬಗೆ ನನ್ನನ್ನು ಪ್ರತಿಸಲವೂ ಕಲಕುತ್ತದೆ. ಇಲಿಗಳಿಗೆ ವಾರಗಟ್ಟಲೆ ಸಣ್ಣ ಸಣ್ಣ ಕಷ್ಟ ಕೊಡುತ್ತಾರೆ: ಒಂದು ದಿನ ಗೂಡು ವಾಲಿಸುವುದು, ಒಂದು ದಿನ ಹಾಸು ಒದ್ದೆ ಮಾಡುವುದು, ಒಂದು ರಾತ್ರಿಯಿಡೀ ದೀಪ ಉರಿಸುವುದು. ಆಮೇಲೆ ಎರಡು ಬಾಟಲಿ ಇಡುತ್ತಾರೆ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಆರಾಮಾಗಿರುವ ಇಲಿ ಸಿಹಿಯ ಕಡೆಗೇ ಹೋಗುತ್ತದೆ. ನೊಂದ ಇಲಿಗೆ ಸಿಹಿ ಬೇಡ. ಇಷ್ಟದ ಊಟ ಮುಂದಿಟ್ಟರೂ ಮುಖ ತಿರುಗಿಸುವ ಖಿನ್ನ ಮನುಷ್ಯನನ್ನು ಹತ್ತಿರದಿಂದ ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅರಿಸಿನದ ಕರ್ಕ್ಯುಮಿನ್, ಕೇಸರಿಯ ಕ್ರೋಸಿನ್, ಒಂದೆಲಗದ ಏಷಿಯಾಟಿಕೊಸೈಡ್ ಇವೆಲ್ಲ ಇಲಿ ಹೆಗ್ಗಣಗಳ ಇಂಥ ಪರೀಕ್ಷೆಗಳಲ್ಲಿ ಭರವಸೆ ತೋರಿಸಿವೆ.

ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಹೊಟ್ಟೆಯೇ ಮೊದಲ ತಡೆ. ಕರ್ಕ್ಯುಮಿನ್ ನೀರಿನಲ್ಲಿ ಕರಗದು. ಕರುಳು ಮತ್ತು ಯಕೃತ್ತು ಅದನ್ನು ಬೇಗ ಮಾರ್ಪಡಿಸಿ ಹೊರಹಾಕುತ್ತವೆ. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗ, ರಕ್ತದಲ್ಲಿ ಅದರ ಸುಳಿವೇ ಹೆಚ್ಚುಕಡಿಮೆ ಸಿಗಲಿಲ್ಲ. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಸೇರಿಸಿದಾಗ ರಕ್ತಕ್ಕೆ ದಕ್ಕಿದ ಪ್ರಮಾಣ 20 ಪಟ್ಟು ಏರಿತು. ಮೆಣಸು ಯಕೃತ್ತು ಮತ್ತು ಕರುಳಿನ ಆ ಶುದ್ಧಿ ಕೆಲಸವನ್ನು ನಿಧಾನಿಸುತ್ತದೆ. ನಮ್ಮ ಊರಿನಲ್ಲೇ ನಡೆದ ಈ ಚಿಕ್ಕ ಪ್ರಯೋಗವನ್ನು ಇಂದು ಜಗತ್ತಿನ ಅರಿಸಿನದ ಕ್ಯಾಪ್ಸೂಲು ಮಾರುವವರೆಲ್ಲ ನೆನೆಯುತ್ತಾರೆ.

ಸಾರಿಗೆ ಹಾಕುವ ಅರಿಸಿನ ಈ ಲೆಕ್ಕಕ್ಕೆ ಬಾರದು. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು. 2014ರಲ್ಲಿ ಪ್ರಕಟವಾದ, ಗುಜರಾತಿನ ಭಾವನಗರದಲ್ಲಿ 60 ಖಿನ್ನತೆಯ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 1 ಗ್ರಾಂ ಕರ್ಕ್ಯುಮಿನ್ ಕೊಟ್ಟಿದ್ದರು. ಅಷ್ಟಕ್ಕೆ 30 ಗ್ರಾಂಗೂ ಮೀರಿದ ಅರಿಸಿನ ಬೇಕು. 6 ವಾರಗಳಲ್ಲಿ ಕರ್ಕ್ಯುಮಿನ್ ಪಡೆದವರ ಸುಧಾರಣೆ ಖಿನ್ನತೆಯ ರೂಢಿಯ ಮಾತ್ರೆ ಫ್ಲುಯೊಕ್ಸೆಟಿನ್ ತೆಗೆದುಕೊಂಡವರಿಗಿಂತ ಗಣನೀಯವಾಗಿ ಬೇರೆಯಿರಲಿಲ್ಲ. ಒಳ್ಳೆಯ ಸುದ್ದಿ, ಆದರೆ ಔಷಧಿಯಿಲ್ಲದ ಹುಸಿಗುಳಿಗೆ ಪಡೆದವರ ಗುಂಪು ಅಲ್ಲಿರಲಿಲ್ಲ. ವೈದ್ಯರ ಆರೈಕೆಯಿಂದ, ಕಾಲ ಕಳೆದದ್ದರಿಂದ ಎಷ್ಟು ಗುಣವಾಯಿತು, ಅರಿಸಿನದಿಂದ ಎಷ್ಟು ಎಂದು ಬಿಡಿಸುವುದು ಹೇಗೆ?

ಮನುಷ್ಯರ ಮೇಲೆ ಹೆಚ್ಚು ಪರೀಕ್ಷೆಯಾದ ಗಿಡ ಯುರೋಪಿನ ಸೇಂಟ್ ಜಾನ್ಸ್ ವರ್ಟ್. ಜೂನ್ 24ರ ಸಂತ ಯೋಹಾನನ ಹಬ್ಬದ ಹೊತ್ತಿಗೆ ಅರಳುವ ಹಳದಿ ಹೂ, ಮೊಗ್ಗನ್ನು ಹಿಸುಕಿದರೆ ಕೆಂಪು ರಸ. ಇದೇ ಕುಲದ ಹೈಪೆರಿಕಮ್ ಮೈಸೂರೆನ್ಸ್ ನಮ್ಮ ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿ ಬೆಳೆಯುತ್ತದೆ. ಆದರೆ ಒಂದೇ ಕುಲದ್ದೆಂದ ಮಾತ್ರಕ್ಕೆ ಯುರೋಪಿನ ಗಿಡದ ಗುಣ ಇದಕ್ಕೂ ಇದೆ ಎನ್ನಲಾಗದು. ಕೊಕ್ರೇನ್ ಸಂಸ್ಥೆಯ 2008ರ ವಿಮರ್ಶೆ 29 ಪರೀಕ್ಷೆಗಳ 5,489 ರೋಗಿಗಳನ್ನು ಒಟ್ಟುಗೂಡಿಸಿ, ಈ ಗಿಡದ ಸಾರ ಹುಸಿಗುಳಿಗೆಗಿಂತ ಮೇಲು, ರೂಢಿಯ ಮಾತ್ರೆಗಳಿಗೆ ಸಮ ಎಂದಿತು. ಜರ್ಮನ್ ಭಾಷಿಕ ದೇಶಗಳ ಫಲಿತಾಂಶ ಉಳಿದೆಡೆಗಿಂತ ಉಜ್ವಲವಾಗಿತ್ತು ಎಂಬುದನ್ನೂ ಗುರುತಿಸಿತು. ಅಮೆರಿಕದಲ್ಲಿ 340 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗಿಡ ಹುಸಿಗುಳಿಗೆಯನ್ನು ಮೀರಲಿಲ್ಲ. ಹೋಲಿಕೆಗೆ ಇಟ್ಟಿದ್ದ ಸರ್ಟ್ರಲಿನ್ ಮಾತ್ರೆಯೂ ಮುಖ್ಯ ಅಳತೆಗೋಲುಗಳಲ್ಲಿ ಮೀರಲಿಲ್ಲ! ಖಿನ್ನತೆಯನ್ನು ಅಳೆಯುವುದೇ ಎಷ್ಟು ಕಷ್ಟ ಎಂದು ಅಲ್ಲಿ ಕಾಣುತ್ತದೆ.

ಆ ಗಿಡದಲ್ಲಿರುವ ಹೈಪರ್‌ಫೋರಿನ್ ಎಂಬ ಅಂಶ ಮೆಣಸಿಗೆ ತದ್ವಿರುದ್ಧ. ಅದು ಯಕೃತ್ತಿನ ಶುದ್ಧಿ ಕೆಲಸಕ್ಕೆ ವೇಗ ಕೊಡುತ್ತದೆ, ಬೇರೆ ಔಷಧಿಗಳು ಕೆಲಸ ಮಾಡುವ ಮೊದಲೇ ಕರಗಿಹೋಗುತ್ತವೆ. 2000ದಲ್ಲಿ ಜ್ಯೂರಿಕ್‌ನಲ್ಲಿ ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರ ದೇಹ, ಈ ಗಿಡದ ಸಾರ ತೆಗೆದುಕೊಂಡ ಮೇಲೆ ಹೊಸ ಹೃದಯವನ್ನು ತಿರಸ್ಕರಿಸತೊಡಗಿದ್ದು ವರದಿಯಾಯಿತು. ಈ ಗಿಡದ ಜೊತೆ ತೆಗೆದುಕೊಂಡಾಗ ಏಡ್ಸ್ ಔಷಧಿ ಇಂಡಿನವಿರ್‌ನ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಂತ ಕಡಿಮೆಯಾಯಿತು. ಗರ್ಭನಿರೋಧಕ ಮಾತ್ರೆಯೂ ಕೈಕೊಡಬಹುದು. ಸಿರೊಟೋನಿನ್ ಹೆಚ್ಚಿಸುವ ಮಾತ್ರೆಯ ಜೊತೆ ಸೇರಿದರೆ ಜ್ವರ, ನಡುಕ, ಗೊಂದಲ ಕಾಣಿಸುವ ಅಪಾಯಕರ ಸ್ಥಿತಿಗೂ ತಲುಪಬಹುದು.

ಅಶ್ವಗಂಧದ ಬಗ್ಗೆ ನಮ್ಮವರು ಹೆಚ್ಚು ಕೇಳುತ್ತಾರೆ. ಒತ್ತಡದಲ್ಲಿದ್ದ 64 ಜನರ ಮೇಲೆ 60 ದಿನ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೇರಿನ ಸಾರ ಕಾರ್ಟಿಸಾಲ್ ಇಳಿಸಿತು. ಆದರೆ ಅವರು ಒತ್ತಡದಲ್ಲಿದ್ದವರು, ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ರೋಗಿಗಳಲ್ಲ. ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ.

2015–16ರ ನಿಮ್ಹಾನ್ಸ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 20ರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿತ್ತು. ಖಿನ್ನತೆಯಲ್ಲಿದ್ದ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಗಿಡದಿಂದ ಬರುವ ಹೊಸ ಮದ್ದಿಗೆ ನಾನು ಆಸೆಯಿಂದ ಕಾಯುವುದು ಅದಕ್ಕೇ. ಅಲ್ಲಿಯವರೆಗೆ, ಮನೆಯಲ್ಲಿ ಯಾರಾದರೂ ಸಿಹಿಯ ಮೇಲೂ ಆಸೆ ಕಳೆದುಕೊಂಡಂತೆ ಕಂಡರೆ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತನಾಡುತ್ತಾರೆ. ಆಸ್ಪತ್ರೆಗೆ ಹೋಗುವಾಗ ಅಲಮಾರಿನಲ್ಲಿರುವ ಲೇಹ, ಕಷಾಯದ ಪುಡಿ, ಅರಿಸಿನದ ಕ್ಯಾಪ್ಸೂಲು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕ್ಯಾಪ್ಸೂಲಿನ ಚೀಟಿಯಲ್ಲಿ ಪೈಪರಿನ್ ಎಂಬ ಸಾಲಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.