ಮೊದಲ ಆಯ್ಕೆ ದೊಡ್ಡದಾದರೆ ಎರಡನೆಯದು ಕೈತಪ್ಪುತ್ತದೆಯೇ?

ಪ್ರಶ್ನೆ: ಹನ್ನೊಂದನೇ ತರಗತಿಯ ಆನ್‌ಲೈನ್ ಅರ್ಜಿಯಲ್ಲಿ ಹೆಸರಾಂತ ಕಾಲೇಜನ್ನು ಮೊದಲು ಬರೆದರೆ, ಎರಡನೆಯ ಕಾಲೇಜಿನಲ್ಲಿ ಸೀಟು ಸಿಗುವ ಅವಕಾಶ ಕಡಿಮೆಯಾಗುತ್ತದೆಯೇ? – ವಿದ್ಯಾರ್ಥಿನಿ, ಖಾರಘರ

ಉತ್ತರ: ಖಂಡಿತ ಇಲ್ಲ. ಮಹಾರಾಷ್ಟ್ರದ ಕೇಂದ್ರೀಕೃತ ಪ್ರವೇಶದಲ್ಲಿ 10 ಕಾಲೇಜುಗಳವರೆಗೆ ಆಯ್ಕೆ ಬರೆಯಬಹುದು. ಇದು ರೇಷನ್ ಅಂಗಡಿಯ ಸಾಲಿನಂತೆ. ಸಾಲಿನಲ್ಲಿ ನಿಮ್ಮ ಜಾಗ ಯಾವುದೆಂದು ಹತ್ತನೇ ತರಗತಿಯ ಅಂಕ ನಿರ್ಧರಿಸುತ್ತದೆ. ಕೈಯಲ್ಲಿರುವ ಚೀಟಿಯೇ ಆಯ್ಕೆಪಟ್ಟಿ. ನಿಮ್ಮ ಸರದಿ ಬಂದಾಗ ಚೀಟಿಯ ಮೊದಲ ಸಾಮಾನು ಮುಗಿದಿದ್ದರೆ ಎರಡನೆಯದನ್ನು ಕೊಡುತ್ತಾರೆಯೇ ಹೊರತು ಸಾಲಿನ ಹಿಂದಕ್ಕೆ ಕಳುಹಿಸುವುದಿಲ್ಲ. ನಿಮಗೆ ಶೇಕಡಾ 88 ಬಂದಿದ್ದರೆ, ಒಂದೇ ಪ್ರವರ್ಗದಲ್ಲಿ 85 ಪಡೆದವರು ಅದೇ ಕಾಲೇಜನ್ನು ಮೊದಲನೆಯದಾಗಿ ಬರೆದಿದ್ದರೂ ಸೀಟು ಮೊದಲು ನಿಮ್ಮದೇ.

ಹಾಗಾದರೆ ಕಡಿಮೆ ಅಂಕದವರಿಗೂ ಅದೇ ಕಾಲೇಜು ಸಿಗುವುದು ಹೇಗೆ ಎಂದು ಕೇಳಬಹುದು. ಮೀಸಲಾತಿ, ಆಡಳಿತ ಮಂಡಳಿ ಮತ್ತು ಅಲ್ಪಸಂಖ್ಯಾತರ ಕೋಟಾಗಳಿಗೆ ಸಾಲುಗಳೇ ಬೇರೆ. ಕನ್ನಡ ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳ ಕಾಲೇಜುಗಳಲ್ಲಿ ಕನ್ನಡಿಗರ ಮಕ್ಕಳಿಗೂ ಇಂಥ ಪಾಲಿದೆ. ಅದನ್ನು ಮರೆಯದೆ ವಿಚಾರಿಸಿ. ಎಚ್ಚರ ಬೇಕಾದದ್ದು ಬೇರೆ ಕಡೆ. ಮೊದಲ ಆಯ್ಕೆಯೇ ಸಿಕ್ಕರೆ ಅಲ್ಲಿ ಸೇರಲೇಬೇಕು. ಬಿಟ್ಟರೆ ಮುಂದಿನ ನಿಯಮಿತ ಸುತ್ತುಗಳಿಂದ ಹೊರಗುಳಿಯುತ್ತೀರಿ. ಹಾಗಾಗಿ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಖಾರಘರದಿಂದ ದಕ್ಷಿಣ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಬೇಕು. ಎರಡು ವರ್ಷ ದಿನವೂ ಆ ಗದ್ದಲದಲ್ಲಿ ಓಡಾಡಲು ಸಿದ್ಧವಿದ್ದರೆ ಮಾತ್ರ ಅಲ್ಲಿಯ ಕಾಲೇಜನ್ನು ಮೇಲೆ ಬರೆಯಿರಿ. ಅಂಕದ ಅಂದಾಜಿಗೆ ಹೆದರಿ ಕ್ರಮ ಬದಲಿಸಬೇಡಿ. ನಿಜಕ್ಕೂ ಓದಬಯಸುವ ಕ್ರಮದಲ್ಲೇ ಪಟ್ಟಿ ತುಂಬಿ.