ಹಾಡಿನ ಜೊತೆಗೆ ಹೊರಡಬೇಕಾದ ಕಾಗದಗಳು

ರಾಜ್ಯೋತ್ಸವದ ತಿಂಗಳು. ತಾಲ್ಲೂಕು ಕೇಂದ್ರವೊಂದರ ಮೈದಾನದಲ್ಲಿ ನಮ್ಮ ಸುಗಮ ಸಂಗೀತ ಕಾರ್ಯಕ್ರಮವಿತ್ತು. ಸಂಜೆ ಏಳಕ್ಕೆ ಶುರು ಅಂದಿದ್ದರು. ಉದ್ಘಾಟನೆ, ಸನ್ಮಾನ, ಭಾಷಣಗಳೆಲ್ಲ ಮುಗಿದು ನಾವು ವೇದಿಕೆ ಹತ್ತಿದಾಗ ಒಂಬತ್ತೂ ಕಾಲು. ತಬಲಾ ಶ್ರುತಿ ಮಾಡಿಕೊಂಡು, ಮಾನಿಟರ್‌ನಲ್ಲಿ ನಮ್ಮ ದನಿ ನಮಗೆ ಕೇಳಿಸುವಂತಾಗಲು ಇನ್ನೂ ಹತ್ತು ನಿಮಿಷ ಹೋಯಿತು. ಐದನೇ ಹಾಡಿನ ಎರಡನೇ ಚರಣ ಹಾಡುತ್ತಿದ್ದಾಗ ಪೊಲೀಸರು ಬಂದು ನಿಂತರು, ಸೌಂಡ್‌ನವರು ಮೈಕ್ ಆಫ್ ಮಾಡಿದರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದು ಎಂಬುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ, ಪೊಲೀಸರದ್ದೇನೂ ತಪ್ಪಿರಲಿಲ್ಲ. ವೇದಿಕೆಯ ಹಿಂದೆ, ಕಾರ್ಯಕ್ರಮ ಇಟ್ಟುಕೊಂಡಿದ್ದ ಸಂಘದ ಖಜಾಂಚಿಯವರು ಕವರ್ ಕೊಟ್ಟರು. ತೆರೆದು ನೋಡಿದರೆ ಮಾತಾಡಿದ್ದರಲ್ಲಿ ಅರ್ಧ.

"ನೀವು ಹಾಡಿದ್ದೇ ಅರ್ಧ ಗಂಟೆ ಅಲ್ವಾ ಸಾರ್, ಕಮಿಟಿಯವರಿಗೆ ನಾನೇನು ಹೇಳ್ಲಿ?" ಅಂದರು.

ತಬಲಾದವರಿಗೆ, ಕೀಬೋರ್ಡ್‌ನವರಿಗೆ ಪೂರ್ತಿ ಕೊಟ್ಟು, ವ್ಯಾನ್ ಬಾಡಿಗೆ ತೀರಿಸಿದ ಮೇಲೆ ಹಾಡಿದ ಇಬ್ಬರಿಗೂ ಏನೂ ಉಳಿಯಲಿಲ್ಲ. ಆ ಸಂಘದವರ ಮೇಲೆ ನನಗೆ ಬೇಸರವಾದದ್ದು ನಿಜ. ಆದರೆ ಎಷ್ಟು ಹೊತ್ತಿಗೆ ವೇದಿಕೆ, ತಡವಾದರೆ ಏನು ಎಂಬುದನ್ನು ನಾನು ಎಲ್ಲೂ ಬರೆಸಿಕೊಂಡಿರಲಿಲ್ಲ. ಎಲ್ಲವೂ ಫೋನಿನಲ್ಲಿ ಮಾತಾಡಿದ್ದು. ನಮ್ಮ ತಂಡದಲ್ಲಿ ಹಾರ್ಮೋನಿಯಂ ನನ್ನದು; ಆಯೋಜಕರ ಫೋನು ತೆಗೆಯುವುದು, ಸಂಭಾವನೆ ಮಾತಾಡುವುದು, ವ್ಯಾನ್ ಹೇಳುವುದು ಕೂಡ ನನ್ನದೇ. ಕರ್ನಾಟಕದ ಬಹುಪಾಲು ಸಣ್ಣ ತಂಡಗಳು ನಡೆಯುವುದೇ ಹೀಗೆ. ಮ್ಯಾನೇಜರ್ ಅಂತ ಯಾರೂ ಇರುವುದಿಲ್ಲ, ಮ್ಯಾನೇಜರ್ ಕೆಲಸ ಮಾತ್ರ ಇರುತ್ತದೆ. ಬ್ರಿಟನ್ನಿನಲ್ಲಿ ಈ ಕೆಲಸ ಮಾಡುವವರು ಸೇರಿ 1992ರಲ್ಲೇ ಮ್ಯೂಸಿಕ್ ಮ್ಯಾನೇಜರ್ಸ್ ಫೋರಂ ಕಟ್ಟಿಕೊಂಡು ತರಬೇತಿ ಕೊಡುತ್ತಾ ಬಂದಿದ್ದಾರೆ. ನಾವು ಗುರುಗಳ ಹತ್ತಿರ ರಾಗ ಕಲಿಯುತ್ತೇವೆ, ತಾಳ ಕಲಿಯುತ್ತೇವೆ. ಈ ಕೆಲಸ ಕಲಿಸುವವರು ಸಿಗುವುದಿಲ್ಲ. ಪೆಟ್ಟು ತಿಂದು ನಾನು ಕಲಿತದ್ದನ್ನು ಬೇರೆಯವರು ಪೆಟ್ಟು ತಿನ್ನದೆ ಕಲಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾರ್ಯಕ್ರಮದ ಕಾಗದ. ಒಂದೇ ಪುಟ ಸಾಕು, ವಕೀಲರ ಭಾಷೆ ಬೇಡ. ದಿನ, ಜಾಗ, ವೇದಿಕೆ ಬಿಟ್ಟುಕೊಡುವ ಹೊತ್ತು, ಎಷ್ಟು ಹೊತ್ತು ಹಾಡಬೇಕು. ಅದರ ಕೆಳಗೆ ನಾನು ಈಗ ತಪ್ಪದೆ ಬರೆಯುವ ಸಾಲು: ನಿಗದಿತ ಹೊತ್ತಿಗೆ ತಂಡ ಸಿದ್ಧವಿದ್ದು ವೇದಿಕೆ ಸಿಗುವುದು ತಡವಾದರೆ ಸಂಭಾವನೆಯಲ್ಲಿ ಕಡಿತವಿಲ್ಲ. ಮುಂಗಡ ಅರ್ಧ, ಉಳಿದದ್ದು ವೇದಿಕೆ ಹತ್ತುವ ಮುಂಚೆ. ಎಷ್ಟು ಮೈಕ್, ಎಷ್ಟು ಮಾನಿಟರ್, ಸೌಂಡ್ ಚೆಕ್ ಯಾವಾಗ. ಊಟ, ಉಳಿಯುವ ವ್ಯವಸ್ಥೆ, ಪ್ರಯಾಣ ಯಾರದು. ಮಳೆ ಬಂದು ರದ್ದಾದರೆ ಮುಂಗಡ ಏನಾಗುತ್ತದೆ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಕಾರ್ಯಕ್ರಮವನ್ನು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಬಹುದೇ, ಹಾಕಿದರೆ ಯಾರ ಚಾನೆಲ್ಲಿನಲ್ಲಿ? ನಮ್ಮ ಗಾಯನವನ್ನು ಧ್ವನಿಮುದ್ರಿಸುವುದಕ್ಕೆ, ನೇರ ಪ್ರಸಾರ ಮಾಡುವುದಕ್ಕೆ ಒಪ್ಪಿಗೆ ಕೊಡುವ ಹಕ್ಕು ಕಲಾವಿದರದು; ಕೃತಿಸ್ವಾಮ್ಯ ಕಾಯ್ದೆಯೇ ಅದನ್ನು ಕೊಟ್ಟಿದೆ.

ಈ ಪುಟವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, "ಒಪ್ಪಿದೆ" ಅಂತ ಒಂದು ಉತ್ತರ ತರಿಸಿಕೊಂಡರೂ ಬಾಯಿಮಾತಿಗಿಂತ ಎಷ್ಟೋ ಮೇಲು. ಹೀಗೆ ಕೇಳಿದರೆ ಆಯೋಜಕರು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಅಂಜಿಕೆ ನನಗೂ ಇತ್ತು. ಆದದ್ದು ಬೇರೆ. ಕಾಗದ ನೋಡಿದ ಕಾರ್ಯದರ್ಶಿಗಳು ಭಾಷಣಕಾರರಿಗೆ ಅದನ್ನು ತೋರಿಸಿ ಹೊತ್ತು ಉಳಿಸಿಕೊಂಡದ್ದನ್ನು ಕಂಡಿದ್ದೇನೆ.

ಇನ್ನು ಹಾಡಿನ ವಿಷಯಕ್ಕೆ ಬರೋಣ. ಇಲ್ಲಿಯೇ ನಮ್ಮವರು ಹೆಚ್ಚು ಕಳೆದುಕೊಳ್ಳುವುದು.

ಕೇಳುವವರಿಗೆ ಹಾಡು ಒಂದೇ. 1957ರ ಕೃತಿಸ್ವಾಮ್ಯ ಕಾಯ್ದೆಗೆ ಅದು ಹಲವು ಪದರ. ಸಾಹಿತ್ಯದ ಹಕ್ಕು ಕವಿಯದು, ಸ್ವರಸಂಯೋಜನೆಯದು ಸಂಯೋಜಕರದು, ಧ್ವನಿಮುದ್ರಣದ್ದು ಸಾಮಾನ್ಯವಾಗಿ ಅದಕ್ಕೆ ಹಣ ಹಾಕಿದವರದು. ಇವುಗಳ ಜೊತೆಗೆ ಹಾಡಿದವರ, ನುಡಿಸಿದವರ ಹಕ್ಕು ಬೇರೆ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ಕರ್ತೃವಿನ ಜೀವಿತಾವಧಿ, ಆಮೇಲೆ 60 ವರ್ಷ ಇರುತ್ತದೆ. ಧ್ವನಿಮುದ್ರಣಕ್ಕೆ ಬಿಡುಗಡೆಯಾದಾಗಿನಿಂದ 60 ವರ್ಷ.

ಶಿಶುನಾಳ ಶರೀಫರ ತತ್ವಪದವನ್ನೇ ತೆಗೆದುಕೊಳ್ಳಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನಾವು ಅನೇಕರು ಹಾಡುವುದು ಸಿ. ಅಶ್ವತ್ಥ್ ಅವರು ಕಟ್ಟಿದ ಧಾಟಿಯಲ್ಲಿ. ಅವರು ಹೋದದ್ದು 2009ರಲ್ಲಿ, ಆ ಸಂಯೋಜನೆಗಳ ಹಕ್ಕು 2069ರ ಕೊನೆಯವರೆಗೂ ಜೀವಂತ. ಬೇಂದ್ರೆಯವರ ಕವನಕ್ಕೆ ನೀವೇ ಹೊಸ ರಾಗ ಹಾಕಿದರೂ ಸಾಹಿತ್ಯಕ್ಕೆ ಅನುಮತಿ ಬೇಕು. ಅವರು 1981ರಲ್ಲಿ ತೀರಿಕೊಂಡರು, ಹಕ್ಕು 2041ರವರೆಗಿದೆ. ಕುವೆಂಪು ಅವರದು 2054, ಕೆ.ಎಸ್. ನರಸಿಂಹಸ್ವಾಮಿಯವರದು 2063. ಪುರಂದರದಾಸರ ದೇವರನಾಮಕ್ಕೆ ನೀವೇ ರಾಗ ಹಾಕಿ ಹಾಡಿದರೆ ಯಾರನ್ನೂ ಕೇಳಬೇಕಿಲ್ಲ. ಧ್ವನಿಮುದ್ರಣಕ್ಕೆ ಹಾಡುಗಳನ್ನು ಆರಿಸುವಾಗ ಪ್ರತಿ ಹಾಡಿನ ಎದುರು ಈ ಇಸವಿಗಳನ್ನು ಬರೆದುಕೊಂಡರೆ ಯಾರ ಮನೆಗೆ ಹೋಗಿ ಅನುಮತಿ ಕೇಳಬೇಕು ಎಂಬುದು ಅಲ್ಲೇ ತಿಳಿಯುತ್ತದೆ. ಕವಿಗಳ ಮನೆಯವರು ಕೇಳಿದವರಿಗೆ ಇಲ್ಲ ಅನ್ನುವುದು ಅಪರೂಪ. ಕೇಳದೆ ಹಾಕಿದಾಗ ಅವರಿಗೆ ನೋವಾಗುವುದು ಸಹಜ.

ಹಾಡಿ ಪ್ರಸಿದ್ಧ ಮಾಡಿದವರದೇ ಹಾಡು ಅಂತ ನಾವು ತಿಳಿದಿರುತ್ತೇವೆ. 2017ರ ಮಾರ್ಚ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಅಮೆರಿಕಾದಲ್ಲಿ ಕಾರ್ಯಕ್ರಮ ಕೊಡುತ್ತಿದ್ದಾಗ, ತಮ್ಮ ಸಂಯೋಜನೆಗಳನ್ನು ಅನುಮತಿಯಿಲ್ಲದೆ ಹಾಡಬಾರದೆಂದು ಇಳಯರಾಜಾ ಅವರ ಕಡೆಯಿಂದ ಕಾನೂನು ನೋಟಿಸ್ ಹೋಯಿತು. ಮೊದಲಿಗೆ ಹಾಡಿದ ದನಿಗೇ ಈ ಪ್ರಶ್ನೆ ಬಂದ ಮೇಲೆ ಉಳಿದವರ ಮಾತೇನು? ಮದುವೆ ಸಮಾರಂಭ, ಧಾರ್ಮಿಕ ವಿಧಿ, ಸರ್ಕಾರದ ಅಧಿಕೃತ ಸಮಾರಂಭಗಳಿಗೆ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟ ಕಾರ್ಯಕ್ರಮ, ಹೋಟೆಲ್, ಕ್ಲಬ್ಬುಗಳಿಗೆ ಲೈಸೆನ್ಸ್ ಬೇಕು. ಅದನ್ನು ಪಡೆಯುವುದು ಆಯೋಜಕರ ಹೊಣೆ ಅಂತ ಆ ಒಂದು ಪುಟದ ಕಾಗದದಲ್ಲೇ ಸೇರಿಸಿಬಿಡಿ.

ಹೊಸ ಸಾಹಿತ್ಯ ಬರೆಯುವವರಿಗೆ, ಹೊಸದಾಗಿ ಸಂಯೋಜಿಸುವವರಿಗೆ 2012ರ ತಿದ್ದುಪಡಿ ದೊಡ್ಡ ಬಲ ಕೊಟ್ಟಿತು. ಸಿನಿಮಾಕ್ಕೋ ಧ್ವನಿಮುದ್ರಣಕ್ಕೋ ಬರೆದುಕೊಟ್ಟು ಹಕ್ಕು ವರ್ಗಾಯಿಸಿದರೂ, ಆಮೇಲೆ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕು ಅವರಿಗೇ ಉಳಿಯುತ್ತದೆ (ಥಿಯೇಟರಿನಲ್ಲಿ ಸಿನಿಮಾದ ಜೊತೆ ತೋರಿಸುವುದೊಂದನ್ನು ಬಿಟ್ಟು). ಅದನ್ನು ಬಿಟ್ಟುಕೊಡುತ್ತೇನೆ ಅಂತ ಸಹಿ ಮಾಡಿದರೂ ನಡೆಯುವುದಿಲ್ಲ. ವಾರಸುದಾರರಿಗೆ ಇಲ್ಲವೇ ಹಕ್ಕುಗಳ ಸೊಸೈಟಿಗೆ ಮಾತ್ರ ಕೊಡಬಹುದು.

ಅಗ್ರಿಮೆಂಟ್ ಕೈಗೆ ಬಂದಾಗ 19ನೇ ಸೆಕ್ಷನ್ನನ್ನು ನೆನಪಿಡಿ. ಬರಹದಲ್ಲಿ ಇಲ್ಲದ, ಸಹಿ ಇಲ್ಲದ ವರ್ಗಾವಣೆ ವರ್ಗಾವಣೆಯೇ ಅಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದಲೇ ಕಂಪನಿಗಳ ಅಗ್ರಿಮೆಂಟಿನಲ್ಲಿ "ಶಾಶ್ವತವಾಗಿ", "ಇಡೀ ಜಗತ್ತಿಗೆ" ಎಂಬ ಎರಡು ಮಾತು ಸಾಮಾನ್ಯವಾಗಿ ಇರುತ್ತವೆ. ಕಣ್ಣು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಹತ್ತು ವರ್ಷಕ್ಕೆ ಕೊಡುತ್ತೇವೆ ಅನ್ನಿ, ಅವರೊಂದು ಮಾತು ಹೇಳುತ್ತಾರೆ, ಮಾತುಕತೆ ಶುರುವಾಗುತ್ತದೆ.

ರಾಯಲ್ಟಿ ವಸೂಲಿ ಮಾಡಿ ಹಂಚುವುದು ಸೊಸೈಟಿಗಳು. ಸಾಹಿತಿಗಳಿಗೆ, ಸಂಯೋಜಕರಿಗೆ ಮುಂಬೈಯ ಐಪಿಆರ್‌ಎಸ್. 1969ರಲ್ಲಿ ಹುಟ್ಟಿದ್ದು, 2017ರಲ್ಲಿ ಮರುನೋಂದಣಿಯಾಯಿತು. ಗಾಯಕರಿಗೆ, ವಾದಕರಿಗೆ ಇಸಾಮ್ರಾ. ಸದಸ್ಯರಾದರೆ ಮುಗಿಯಲಿಲ್ಲ, ಪ್ರತಿ ಹಾಡನ್ನೂ ಅಲ್ಲಿ ನೋಂದಾಯಿಸಬೇಕು.

ಇಲ್ಲಿ ನಮ್ಮ ತಂಡದಲ್ಲೇ ಆದದ್ದನ್ನು ಹೇಳುತ್ತೇನೆ. ನಮ್ಮ ಸಾಹಿತಿ ಮೇಡಂ ಶಾಲೆಯ ಟೀಚರು. ಅವರು ಬರೆದ ಮೂರು ಹಾಡುಗಳನ್ನು ಮೂರು ಸಲ ನಾನೇ ಅಪ್‌ಲೋಡ್ ಮಾಡಿದೆ. ಒಂದರಲ್ಲಿ ಅವರ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇನಿಷಿಯಲ್ಲೇ ಇಲ್ಲ. ನಮ್ಮ ಕಣ್ಣಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ ಹೆಂಗಸರು. ಕನ್ನಡದ ಹೆಸರುಗಳಿಗೆ ಇದು ದಿನನಿತ್ಯದ ತೊಡಕು: ಊರು, ತಂದೆಯ ಹೆಸರು, ಮದುವೆಯ ನಂತರದ ಹೆಸರು ಎಲ್ಲ ಒಂದೊಂದು ಅಕ್ಷರವಾಗಿ ಮುಂದೆಯೋ ಹಿಂದೆಯೋ ಕೂರುತ್ತವೆ. ಸೊಸೈಟಿಯ ಸದಸ್ಯತ್ವದ ಜೊತೆ ಸಿಗುವ ಐಪಿಐ ಸಂಖ್ಯೆ ಇದಕ್ಕೇ ಇರುವುದು; ಹೆಸರು ಹೇಗೆ ಬರೆದರೂ ಸಂಖ್ಯೆ ಆ ಒಬ್ಬರದೇ. ಹಾಗೆಯೇ ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಸಾಮಾನ್ಯವಾಗಿ ಅದನ್ನು, ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ನಾಳೆ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಅದೇ ಗುರುತು ಕೊಟ್ಟರೆ ಹಳೆಯ ಕೇಳುಗರ ಲೆಕ್ಕ ಉಳಿಯುತ್ತದೆ, ಹೊಸದು ಹಾಕಿಸಿಕೊಂಡರೆ ಸೊನ್ನೆಯಿಂದ ಶುರು.

ರೆಕಾರ್ಡಿಂಗ್ ದಿನವೇ ಸ್ಪ್ಲಿಟ್ ಶೀಟ್ ತುಂಬಿಸಿ: ಸಾಹಿತ್ಯ ಯಾರದು, ಸಂಯೋಜನೆಯಲ್ಲಿ ಯಾರಿಗೆ ಎಷ್ಟು ಪಾಲು, ಮಾಸ್ಟರ್ (ಮೂಲ ಧ್ವನಿಮುದ್ರಣ) ಯಾರದು, ಸಹಿ. ಹಾಡು ಓಡಿದ ಮೇಲೆ ಈ ಮಾತು ಎತ್ತಿದರೆ ಸ್ನೇಹ ಕೆಡುತ್ತದೆ. ಓಡುವುದಕ್ಕೆ ಮುಂಚೆ ಎತ್ತಿದರೆ ಐದು ನಿಮಿಷದ ಕೆಲಸ. ಸ್ಟ್ರೀಮಿಂಗ್‌ನಿಂದ ದೊಡ್ಡ ಹಣ ಬರುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ ಹಣವನ್ನೇ ಲೆಕ್ಕ ಹಾಕುವುದಿಲ್ಲ.

ಹೊರಗಿನವರೊಬ್ಬರು ಮ್ಯಾನೇಜರ್ ಆಗಿ ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ ಕಮಿಷನ್ ಎಷ್ಟು ಎಂಬುದಲ್ಲ, ಯಾವುದರ ಮೇಲೆ ಎಂಬುದು. ಸಂಗೀತದ ಲೋಕದಲ್ಲಿ ಶೇ. 15ರಿಂದ 20 ರೂಢಿಯಲ್ಲಿದೆ. ಒಂದು ಲಕ್ಷದ ಕಾರ್ಯಕ್ರಮ, ಪಕ್ಕವಾದ್ಯ, ಸೌಂಡ್, ಪ್ರಯಾಣಕ್ಕೆ 70,000 ಖರ್ಚು ಅಂತಿಟ್ಟುಕೊಳ್ಳಿ. ಒಟ್ಟು ಹಣದ ಮೇಲೆ ಶೇ. 20 ಅಂದರೆ ಅವರಿಗೆ 20,000, ಹಾಡಿದವರಿಗೆ ಉಳಿಯುವುದು 10,000. ಖರ್ಚು ಕಳೆದು ಶೇ. 20 ಅಂದರೆ ಅವರಿಗೆ 6,000, ಗಾಯಕರಿಗೆ 24,000. ಎರಡರಲ್ಲೂ ಅಗ್ರಿಮೆಂಟಿನ ಮೇಲಿರುವುದು ಅದೇ ಇಪ್ಪತ್ತು. ಅವರು ಬಿಟ್ಟುಹೋದ ಮೇಲೂ ಅವರು ತಂದ ಕೆಲಸಕ್ಕೆ ಎಷ್ಟು ಕಾಲ ಕಮಿಷನ್ ಎಂಬುದನ್ನೂ ಆಗಲೇ ಬರೆಸಿ. ಒಳ್ಳೆಯ ಮ್ಯಾನೇಜರಿಗೆ ಈ ಪ್ರಶ್ನೆಗಳಿಂದ ನೆಮ್ಮದಿಯೇ.

ತೆರಿಗೆಯ ವಿಷಯ ಚುಟುಕಾಗಿ. ಸಂಸ್ಥೆಗಳು ಸಂಭಾವನೆಯಲ್ಲಿ ಟಿಡಿಎಸ್ ಹಿಡಿದರೆ ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ನೋಡಿ. ರಿಟರ್ನ್ ಹಾಕಿದರೆ ಹೆಚ್ಚು ಹಿಡಿದದ್ದು ವಾಪಸು ಬರುತ್ತದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ. ಶಾಸ್ತ್ರೀಯ ಮತ್ತು ಜಾನಪದ ಪ್ರಕಾರಗಳ ಕಲಾವಿದರಿಗೆ ಪ್ರದರ್ಶನವೊಂದಕ್ಕೆ 1.5 ಲಕ್ಷದವರೆಗಿನ ಸಂಭಾವನೆಗೆ ಜಿಎಸ್‌ಟಿ ಇಲ್ಲ ಎಂಬುದನ್ನು ಕಚೇರಿಗಳ ಲೆಕ್ಕಿಗರಿಗೂ ಕೆಲವೊಮ್ಮೆ ತಿಳಿಸಿ ಹೇಳಬೇಕಾಗುತ್ತದೆ.

ಇಷ್ಟೆಲ್ಲ ಕಲಿಯುವುದು ಎಲ್ಲಿ? ಐಪಿಆರ್‌ಎಸ್ ಕಾರ್ಯಾಗಾರಗಳನ್ನು ನಡೆಸುತ್ತದೆ, ಹತ್ತಿರ ಬಂದಾಗ ಹೋಗಿ. ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯವರ 'ಕ್ಲಿಪ್' ಎಂಬ ಉಚಿತ ಪಾಠಗಳಿವೆ. ಬ್ರಿಟನ್ನಿನ ಮ್ಯಾನೇಜರುಗಳ ಫೋರಂ 2015ರಲ್ಲಿ ಶುರುಮಾಡಿದ 'ಡಿಸೆಕ್ಟಿಂಗ್ ದಿ ಡಿಜಿಟಲ್ ಡಾಲರ್' ಸ್ಟ್ರೀಮಿಂಗ್ ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ತೋರಿಸುತ್ತದೆ. ಇವೆರಡೂ ಇಂಗ್ಲಿಷಿನಲ್ಲಿವೆ, ನಿಮ್ಮಲ್ಲೊಬ್ಬರು ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳಿದರೆ ಅದೇ ತರಗತಿ. ನಮ್ಮ ತಂಡದಲ್ಲಿ ಮಂಗಳವಾರ ಸಂಜೆ ರಿಯಾಜಿಗೆ ಮುಂಚೆ ಒಂದು ಗಂಟೆ ಇದಕ್ಕೇ ಮೀಸಲು. ಬಾಕಿ ಬರಬೇಕಾದ ಹಣ, ಕಳಿಸಬೇಕಾದ ಕಾಗದ, ನೋಂದಣಿಯಾಗದ ಹಾಡು ನೋಡುತ್ತೇವೆ. ಹೊತ್ತು ಉಳಿದರೆ ಕಾಯ್ದೆಯ ಒಂದು ಸೆಕ್ಷನ್ ಓದುತ್ತೇವೆ.

ಈ ಲೆಕ್ಕಕ್ಕೆಂದೇ ಇಟ್ಟ ಪುಸ್ತಕದ ಮೊದಲ ಪುಟದಲ್ಲಿ ಈಗ ನಮ್ಮ ಆರೂ ಜನರ ಹೆಸರು ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಇದೆ, ಇನಿಷಿಯಲ್ ಎಲ್ಲಿ ಬರಬೇಕೋ ಅಲ್ಲಿ, ಎದುರಿಗೆ ಅವರವರ ಸಂಖ್ಯೆ. ತಮ್ಮ ಸಾಲನ್ನು ಸಾಹಿತಿ ಮೇಡಂ ತಾವೇ ಬರೆದರು, ಬೋರ್ಡಿನ ಮೇಲೆ ಬರೆಯುವಂತೆ ದುಂಡಗೆ. ಹೊಸ ಹಾಡಿನ ರೆಕಾರ್ಡಿಂಗ್ ದಿನ ಸ್ಟುಡಿಯೊದಲ್ಲಿ ತಂಬೂರಿ ಹಾಕುವ ಮುಂಚೆ ಆ ಪುಟವನ್ನು ಒಬ್ಬರು ಜೋರಾಗಿ ಓದುತ್ತಾರೆ, ಕಂಪ್ಯೂಟರಿನ ಮುಂದೆ ಕೂತವರು ಅದನ್ನು ನೋಡಿಕೊಂಡು ಟೈಪ್ ಮಾಡುತ್ತಾರೆ.